ಗುಮ್ಮನಿಗೆ ಹೇಳಿದ ಮಾತು

ರೆಕಾರ್ಡಿಂಗ್ ರೂಮಿನ ಬಾಗಿಲು ತಳ್ಳಿದಾಗ ಅವಳಿಗೆ ಮೊದಲು ಕಂಡದ್ದು ಒಂದು ಬೆನ್ನು.

ಮುಖ ನೋಡಿದ್ದರೆ ಗುರುತು ಸಿಗುತ್ತಿತ್ತೋ ಇಲ್ಲವೋ. ಬೆನ್ನು ಮಾತ್ರ ನೋಡಿದ ಕೂಡಲೇ ಗುರುತು ಸಿಕ್ಕಿಬಿಟ್ಟಿತು. ಈಗ ಸ್ವಲ್ಪ ಬಾಗಿದೆ, ಸ್ವೆಟರಿನೊಳಗೆ ಮೂಳೆ ಎದ್ದು ಕಾಣುತ್ತದೆ. ಆದರೆ ಎಡಭುಜ ಬಲಭುಜಕ್ಕಿಂತ ಒಂದು ಬೆರಳಿನಷ್ಟು ಕೆಳಗೇ ಇದೆ. ಆ ಬೆನ್ನಿನ ಮೇಲೆ ಅವಳು ಒಂದು ವರ್ಷ ದಿನಾ ಬೆಳಿಗ್ಗೆ ಹೊಲಿಗೆ ಹಾಕಿದ್ದಳು.

"ಏಣಿಯವರಾ?" ಅಂದಳು.

ಅವನು ತಿರುಗಿದ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. "ಸೂಜಿ... ನೀವು ಬರ್ತೀರಾ ಅಂತ ಯಾರೂ ಹೇಳ್ಲಿಲ್ಲ."

"ಹೇಳಿದ್ರೆ ಬರ್ತಿರ್ಲಿಲ್ವಾ?"

"ಬರ್ತಿದ್ದೆ. ಒಳ್ಳೇ ಶರ್ಟ್ ಹಾಕ್ಕೊಂಡು ಬರ್ತಿದ್ದೆ."

ಅವಳು ನಕ್ಕಳು. ನಕ್ಕ ಮೇಲೆ, ಇಷ್ಟು ಸುಲಭವಾಗಿ ನಗು ಬಂತಲ್ಲ ಅಂತ ತನ್ನ ಮೇಲೇ ಸಿಟ್ಟು ಬಂತು.

'ಏಳನೇ ಚಂದ್ರ' ಒಂದು ಕಾಲದಲ್ಲಿ ಬೀದಿಗಳನ್ನೇ ಖಾಲಿ ಮಾಡಿಸುತ್ತಿದ್ದ ಧಾರಾವಾಹಿ. ರಟ್ಟಿನ ಗಗನನೌಕೆ, ಬಣ್ಣ ಬಳಿದ ಮರಳಿನ ಗ್ರಹ, ಅಲ್ಲಿ ಮಾತು ಬಾರದ ಒಂದು ದೈತ್ಯ ಪ್ರಾಣಿ. ಶೂಟಿಂಗಿನವರೆಲ್ಲ ಅದನ್ನು ಗುಮ್ಮ ಅಂತಲೇ ಕರೆಯುತ್ತಿದ್ದರು. ಒಂದು ಸಲ ಟಿವಿಯಲ್ಲಿ ಬಂದು ಹೋದದ್ದು, ಮೂವತ್ತು ಚಿಲ್ಲರೆ ವರ್ಷಗಳಾದ ಮೇಲೆ ಈಗ ಡಿವಿಡಿ ಬಾಕ್ಸ್ ಸೆಟ್ಟಾಗಿ ಬರುತ್ತಿತ್ತು. ಅದರ ಜೊತೆಗೆ ಹಳಬರ ಮಾತೂ ಇರಲಿ ಎಂದು ಕಂಪನಿಯವರು ಹುಡುಕಿದರೆ, ನಿರ್ದೇಶಕರಿಲ್ಲ, ನಾಯಕನಿಲ್ಲ, ನಾಯಕಿಗೆ ಏನೂ ನೆನಪಿಲ್ಲ. ಕೊನೆಗೆ ಸಿಕ್ಕಿದ್ದು ಗುಮ್ಮನ ವೇಷ ಹಾಕಿದವನು, ಮತ್ತು ಆ ವೇಷ ಹೊಲಿದವಳು. ಸೆಟ್ಟಿನವರ ಬಾಯಲ್ಲಿ ಏಣಿ ಮತ್ತು ಸೂಜಿ.

ರೆಕಾರ್ಡಿಂಗ್ ಮೇಡಂ ನಲವತ್ತು ದಾಟಿದ ಹೆಂಗಸು. ಇಬ್ಬರ ಮುಂದೆಯೂ ಮೈಕ್ ಸರಿಮಾಡಿ, "ಎಪಿಸೋಡ್ ಓಡ್ತಾ ಇರುತ್ತೆ. ನಿಮ್ಮಷ್ಟಕ್ಕೆ ನೀವು ಮಾತಾಡ್ತಾ ಹೋಗಿ. ಚಿಕ್ಕವಳಿದ್ದಾಗ ನಿಮ್ಮಿಂದಾಗಿ ಮಂಚದ ಕೆಳಗೆ ನೋಡೋಕೇ ಹೆದರ್ತಿದ್ದೆ ಸರ್," ಎಂದು ಹೇಳಿ ಗಾಜಿನ ಆಚೆ ಹೋಗಿ ಕೂತಳು.

ಪರದೆಯ ಮೇಲೆ ಗುಮ್ಮ ಬಂತು.

"ಜಿಪ್ ಇರ್ಲಿಲ್ಲ ಇದಕ್ಕೆ," ಅವಳು ಮೈಕಿಗೆ ಹೇಳಿದಳು. "ಜಿಪ್ ಹಾಕಿದ್ರೆ ಲೈಟಿಗೆ ಹೊಳೀತಿತ್ತು. ಅದಕ್ಕೆ ದಿನಾ ಇವರನ್ನ ಒಳಗೆ ಹಾಕಿ ಹೊಲೀತಿದ್ದೆ. ಸಂಜೆ ಬಿಚ್ತಿದ್ದೆ."

"ಒಂದು ಸಲ ಚುಚ್ಚಿದ್ರು."

"ಒಂದು ಸಲಾನಾ?"

"ಲೆಕ್ಕ ಹೇಳಿದ್ರೆ ನಿಮ್ಮ ಮರ್ಯಾದೆ ಹೋಗುತ್ತೆ."

ಗಾಜಿನ ಆಚೆ ಮೇಡಂ ನಗುವುದು ಕಂಡಿತು.

ವೇಷದೊಳಗೆ ಅವನಿಗೆ ಸರಿಯಾಗಿ ಕಣ್ಣು ಕಾಣುತ್ತಿರಲಿಲ್ಲ. ಬಾಯಿಗೆ ಸ್ಪಂಜು ಅಡ್ಡ, ಮಾತಾಡುವಂತಿರಲಿಲ್ಲ. ಕಿವಿ ಮಾತ್ರ ಕೇಳುತ್ತಿತ್ತು. ಸೆಟ್ಟಿಗೆ ಕೈಹಿಡಿದು ನಡೆಸುವುದು, ಸ್ಟ್ರಾ ಹಾಕಿ ನೀರು ಕುಡಿಸುವುದು ಎಲ್ಲ ಅವಳೇ. ಸುಮ್ಮನೆ ಕೂತಿರುವವನ ಪಕ್ಕ ಸುಮ್ಮನೆ ಕೂರಲಾಗದೆ ಅವಳು ಮಾತಾಡುತ್ತಿದ್ದಳು. ಮನೆ ಓನರಿನ ಕಾಟ, ಅಕ್ಕ ತೋರಿಸುವ ಗಂಡುಗಳು, ರಾತ್ರಿ ಬಿದ್ದ ಕನಸು. ಸಂಜೆ ಹೊಲಿಗೆ ಬಿಚ್ಚಿದ ಮೇಲೆ ಅವನು ಬೆವರು ಒರೆಸಿಕೊಳ್ಳುತ್ತಾ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದ. "ಓನರಿಗೆ ನಾನು ಹೇಳ್ತೀನಿ. ಆ ಗಂಡು ಬೇಡ, ಹೆಸರು ಕೇಳಿದ್ರೇ ಗೊತ್ತಾಗುತ್ತೆ. ಕನಸು ಚೆನ್ನಾಗಿತ್ತು."

ದಿನವಿಡೀ ತನ್ನ ಮಾತನ್ನು ಜೋಪಾನವಾಗಿ ಇಟ್ಟುಕೊಂಡು ಸಂಜೆ ವಾಪಸು ಕೊಡುವ ಇನ್ನೊಬ್ಬ ಮನುಷ್ಯ ಅವಳಿಗೆ ಈ ಜನ್ಮದಲ್ಲಿ ಸಿಗಲಿಲ್ಲ.

ಪರದೆಯ ಮೇಲೆ ಇನ್ನೊಂದು ಎಪಿಸೋಡ್ ಶುರುವಾಯಿತು. ಹಸಿರು ಕಾರಿಡಾರು. ಈ ಎಪಿಸೋಡ್ ಶೂಟಿಂಗ್ ಆದ ದಿನ ಅವಳಿಗೆ ಚೆನ್ನಾಗಿ ಗೊತ್ತು.

ಆವತ್ತು ಅವಳು ಬಟ್ಟೆ ತರಲು ಪೇಟೆಗೆ ಹೋಗಿದ್ದಳು. ಅವನಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. ವಾಪಸು ಬರುವಷ್ಟರಲ್ಲಿ ಸೆಟ್ಟಿನ ಇನ್ನೊಬ್ಬಳು ಹೊಲಿಗೆ ಹಾಕಿ ಮುಗಿಸಿದ್ದಳು. ಗುಮ್ಮ ಕಾರಿಡಾರಿನ ತುದಿಯಲ್ಲಿ ಒಂದು ಪೆಟ್ಟಿಗೆಯ ಮೇಲೆ ಕೂತಿತ್ತು. ಅವಳು ಪಕ್ಕದಲ್ಲಿ ಕೂತು, ತನ್ನ ಕಾಲ್ಬೆರಳು ನೋಡುತ್ತಾ ಹೇಳಿಬಿಟ್ಟಳು. ಅಕ್ಕ ತೋರಿಸುವ ಯಾರೂ ನನಗೆ ಬೇಡ. ನೀವು ಒಪ್ಪಿದ್ರೆ ನಿಮ್ಮನ್ನೇ ಮದುವೆ ಆಗ್ತೀನಿ.

ಗುಮ್ಮ ಆ ದೊಡ್ಡ ತಲೆಯನ್ನು ಆ ಕಡೆ ಈ ಕಡೆ ಆಡಿಸಿತು. ಎದ್ದು, ತಡವರಿಸುತ್ತಾ ಹೊರಟುಹೋಯಿತು.

ಮರುದಿನ ಅವನು ಬಂದಾಗ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಇದ್ದ. ಕೇಳಿದ್ದಕ್ಕೆ ಹೂಂ, ಉಹೂಂ. ಇನ್ನೇನು ಬೇಕಿತ್ತು? ಅವಳು ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕೆಲಸ ಮಾಡತೊಡಗಿದಳು. ಬಾಯಲ್ಲಿ ಪಿನ್ನಿದ್ದವಳನ್ನು ಯಾರೂ ಮಾತಾಡಿಸುವುದಿಲ್ಲ. ಎರಡು ವಾರಕ್ಕೆ ಧಾರಾವಾಹಿಯೂ ನಿಂತಿತು. ಅವಳು ಆಲ್ಟರೇಷನ್ ಅಂಗಡಿ ಇಟ್ಟಳು, ಊರವರ ಪ್ಯಾಂಟು ಗಿಡ್ಡ ಮಾಡುತ್ತಾ ವಯಸ್ಸು ಕಳೆದಳು. ಅಕ್ಕ ಗಂಡು ತೋರಿಸುವುದನ್ನು ಬಿಟ್ಟಳು. ಸಂಜೆ ಅಂಗಡಿ ಮುಚ್ಚಿ ಮಹಡಿ ಹತ್ತಿದರೆ, ಅವತ್ತಿನ ಮಾತು ಅವತ್ತೇ ಗೋಡೆಗೆ.

"ಅಯ್ಯೋ, ಇದು!" ಅವನು ಮೈಕಿಗೆ ಹತ್ತಿರವಾಗಿ ನಕ್ಕ. "ಈಗ ಹೇಳಿದ್ರೆ ಯಾರೂ ಬಯ್ಯಲ್ಲ. ಈ ಎಪಿಸೋಡಲ್ಲಿ ಇರೋದು ನಾನಲ್ಲ. ನಡಿಗೆ ನೋಡಿ, ಬಾತುಕೋಳಿ ಥರ. ಆವತ್ತು ನನಗೆ ದವಡೆ ಹಲ್ಲು ನೋವು, ಜೀವ ಹೋಗ್ತಿತ್ತು. ನಿರ್ದೇಶಕರು ಗುಟ್ಟಾಗಿ ಡಾಕ್ಟರ್ ಹತ್ರ ಕಳಿಸಿ, ಒಂದು ದಿನದ ಕೂಲಿಗೆ ಬಂದಿದ್ದ ಲೈಟಿನವನೊಬ್ಬನ್ನ ಒಳಗೆ ಹಾಕಿದ್ರು. ಪ್ರೊಡ್ಯೂಸರಿಗೆ ಗೊತ್ತಾಗ್ಬಾರ್ದು ಅಂತ ಯಾರಿಗೂ ಹೇಳ್ಲಿಲ್ಲ. ಮಾರನೇ ದಿನ ಬಾಯಿ ತುಂಬ ಹತ್ತಿ, ಕೆನ್ನೆ ಇಷ್ಟು ದಪ್ಪ."

ಅವಳು ಪರದೆಯನ್ನೇ ನೋಡುತ್ತಿದ್ದಳು. ಗುಮ್ಮ ಬಾತುಕೋಳಿಯ ಹಾಗೆ ನಡೆದುಕೊಂಡು ಹೋಗುತ್ತಿತ್ತು. ತಲೆ ಆಡಿಸಿದ್ದು ಬೇಡ ಅಂತಲ್ಲ. ನಾನು ಅವನಲ್ಲ ಅಂತ.

ಮೇಡಂ ಗಾಜಿನ ಆಚೆಯಿಂದ ಮಾತಾಡಿ ಎಂದು ಕೈಸನ್ನೆ ಮಾಡಿದಳು. ಏಣಿಯೇ ಏನೇನೋ ಹೇಳಿ ಎಪಿಸೋಡ್ ಮುಗಿಸಿದ.

ಟೀ ಬ್ರೇಕಿನಲ್ಲಿ ಇಬ್ಬರೂ ಕಾರಿಡಾರಿನ ಕಿಟಕಿಯ ಹತ್ತಿರ ನಿಂತರು. ಕೆಳಗೆ ಬೀದಿಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು.

"ಹುಷಾರಿಲ್ವಾ?" ಅವನು ಕೇಳಿದ.

"ನಿಮ್ಮ ಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ. ಹೆಂಡತಿ ಹೋಗಿ ನಾಲ್ಕು ವರ್ಷ ಆಯ್ತು. ಒಳ್ಳೆಯವಳು." ಅವನು ಲೋಟ ತಿರುಗಿಸಿದ. "ಎರಡು ಲೋಟ ತೊಳೆಯೋ ಅಭ್ಯಾಸ ಇನ್ನೂ ಹೋಗಿಲ್ಲ. ಕುಡಿಯೋದು ಒಂದರಲ್ಲೇ."

ಅವಳಿಗೆ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚೂ ಬಂತು, ಮರುಕವೂ ಬಂತು. ಆಮೇಲೆ, ಇನ್ನು ನುಂಗಿಕೊಂಡರೆ ಉಸಿರು ಕಟ್ಟುತ್ತದೆ ಅನ್ನಿಸಿ, ಹೇಳಿದಳು. ಪೆಟ್ಟಿಗೆಯ ಪಕ್ಕ ಕೂತದ್ದು, ಹೇಳಿದ್ದು, ಗುಮ್ಮ ತಲೆ ಆಡಿಸಿದ್ದು. ಮುಖ ಕಾಣದವನಿಗೆ ಹೇಳುವುದು ಎಷ್ಟು ಸುಲಭವಿತ್ತು ಅಂತ ಈಗ ಗೊತ್ತಾಯಿತು. ಈ ಮುಖ ಪ್ರತಿ ಮಾತಿಗೂ ಬದಲಾಗುತ್ತಿತ್ತು.

ಅವನು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಸಣ್ಣ ದನಿಯಲ್ಲಿ ಅಂದ, "ಇನ್ನೊಂದು ಸಲ ಕೇಳಬಹುದಿತ್ತಲ್ಲ."

"ಬೇಡ ಅಂದವರನ್ನ ಎಷ್ಟು ಸಲ ಕೇಳೋದು? ಯಾಕೆ ಮಾತು ಬಿಟ್ರಿ ಅಂತ ನೀವೂ ಒಂದು ಸಲ ಕೇಳಬಹುದಿತ್ತಲ್ಲ."

"ನಿಮಗೆ ಗಂಡು ಗೊತ್ತಾಗಿದೆ, ಅದಕ್ಕೆ ದೂರ ಇದ್ದೀರಿ ಅಂದ್ಕೊಂಡೆ."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಾನೇ."

ಇಬ್ಬರ ಮಾತೂ ಸರಿ. ಟೀ ಆರಿ ಕೆನೆ ಕಟ್ಟಿತು. "ಬೇಕಾಗಿದ್ದದ್ದು ಒಂದು ಮಾತು," ಅನ್ನುತ್ತಾ ಅವನು ಕಿಟಕಿಯ ಕಡೆ ತಿರುಗಿದ. ಅವನು ಅಳುತ್ತಿದ್ದಾನೆ ಅಂತ ಅವಳಿಗೆ ಬೆನ್ನಿನಲ್ಲೇ ತಿಳಿಯಿತು. ಸಮಾಧಾನ ಮಾಡಲು ಕೈ ಎತ್ತಿದಳು. ಯಾವ ಹಕ್ಕಿನಿಂದ ಅನ್ನಿಸಿ ಇಳಿಸಿದಳು.

ಮೇಡಂ ಬಂದು ಕರೆದಳು. ಕೊನೆಯ ಎಪಿಸೋಡ್ ಬಾಕಿಯಿತ್ತು.

ಇಬ್ಬರೂ ಕೂತರು. ಪರದೆಯ ಮೇಲೆ ನೌಕೆ ಹಾರಿಹೋಯಿತು. ಗುಮ್ಮ ಮರಳಿನ ಮೇಲೆ ಒಂಟಿಯಾಗಿ ನಿಂತಿತ್ತು, ಆಕಾಶ ನೋಡುತ್ತಿತ್ತು. ಇವನೇ. ಎಡಭುಜ ಕೆಳಗೆ. ಆ ದಿನ ಆ ಸ್ಪಂಜಿನ ಒಳಗೆ ಇವನೂ, ಸೂಜಿ ಯಾಕೆ ಮಾತು ಬಿಟ್ಟಳು ಅಂತ ತಿಳಿಯದೆ, ಒಬ್ಬನೇ ನಿಂತಿದ್ದ ಅನ್ನುವುದು ಅವಳಿಗೆ ಈಗ ಹೊಳೆಯಿತು. ಇಷ್ಟು ವರ್ಷ ನೋವೆಲ್ಲ ತನ್ನದೊಂದೇ ಅಂದುಕೊಂಡಿದ್ದಳು.

ಏಣಿ ತನ್ನ ದೊಡ್ಡ ಅಂಗೈಯಿಂದ ಮೈಕ್ ಮುಚ್ಚಿದ. ಇನ್ನೊಂದು ಕೈ ಚಾಚಿ ಅವಳ ಮೈಕನ್ನೂ ಮುಚ್ಚಿದ.

"ಈಗ ಇನ್ನೊಂದು ಸಲ ಕೇಳ್ತೀರಾ?"

"ನನ್ನ ಸರದಿ ಮುಗೀತು," ಅಂದಳು ಅವಳು. "ಕೇಳೋದಾದ್ರೆ ನೀವೇ ಕೇಳಿ."

"ಮೊಣಕಾಲು ಹಿಡ್ಕೊಂಡಿದೆ. ಗೊರಕೆ ಹೊಡೀತೀನಿ. ಅರ್ಧ ಹಲ್ಲು ಕಟ್ಟಿಸಿದ್ದು."

"ಅದು ಕೇಳೋದಾ, ಹೆದರಿಸೋದಾ?"

"ನನ್ನ ಮದುವೆ ಆಗ್ತೀರಾ?"

ಗಾಜಿನ ಆಚೆ ಮೇಡಂ ಏನೂ ಕೇಳಿಸದೆ ಹೆಡ್‌ಫೋನ್ ತಟ್ಟಿ ನೋಡುತ್ತಿದ್ದಳು. ಅವಳಿಗೆ ಕಂಡದ್ದು ಇಷ್ಟೇ: ಹೊಲಿಗೆಯಮ್ಮ ಕಣ್ಣು ಒರೆಸಿಕೊಂಡು ತಲೆಯನ್ನು ಮೇಲೆ ಕೆಳಗೆ ಆಡಿಸಿದರು.

ಅಕ್ಕನಿಗೆ ಫೋನ್ ಮಾಡಿದಾಗ ಅಕ್ಕ, "ಈ ವಯಸ್ಸಲ್ಲಿ ಬೇಕಿತ್ತೇನೇ?" ಅಂದಳು. ತಡೆದು, "ಆ ಏಣೀನಾ? ಆಗಲೇ ಹೇಳಿದ್ರೆ ನನಗೆ ಅಷ್ಟು ಚಪ್ಪಲಿ ಸವೀತಿರ್ಲಿಲ್ಲ," ಅಂದಳು. ರಿಜಿಸ್ಟರ್ ಆಫೀಸಿನಲ್ಲಿ ಸಾಕ್ಷಿಗೆ ಅಕ್ಕನೂ ಬಂದಳು, ರೆಕಾರ್ಡಿಂಗ್ ಮೇಡಮ್ಮೂ ಬಂದಳು.

ಬಾಕ್ಸ್ ಸೆಟ್ ಮನೆಗೆ ಬಂದ ಸಂಜೆ ಏಣಿ ಅದರ ಪ್ಲಾಸ್ಟಿಕ್ ಕಿತ್ತು, ಟಿವಿಯ ಮುಂದೆ ಮಂಡಿಯೂರಲು ಕಷ್ಟಪಡುತ್ತಾ, "ಯಾವ್ದು ಹಾಕ್ಲಿ?" ಎಂದು ಕೇಳಿದ.

"ಯಾವ್ದೂ ಬೇಡ," ಅಂದಳು ಅವಳು. "ಅದ್ರಲ್ಲಿ ನಿಮ್ಮ ಮುಖ ಕಾಣ್ಸಲ್ಲ. ಬನ್ನಿ, ಇಲ್ಲಿ ಕೂತ್ಕೊಳ್ಳಿ."