ಕವಲಿನಲ್ಲಿ ಬಿಟ್ಟ ಬಿಲ್ಲೆ

ನಸಾರಿಯೋ ನಮ್ಮೊಡನೆ ಮುಳುಗಲು ಬಂದ ಮೊದಲ ದಿನವೇ ನನ್ನನ್ನು ನೋಡಿ ನಕ್ಕಿದ್ದ. ಗುಹೆಬಾವಿಗೆ ಇಳಿಯುವ ಮೊದಲು ನಾನು ಶಿಲುಬೆಯ ಗುರುತು ಮಾಡಿ, ನಮ್ಮ ಹಿರಿಯರು ನಂಬಿದ ದೈವ, ನೀರಿನ ಯಜಮಾನನ ಅಪ್ಪಣೆಯನ್ನೂ ಕೇಳಿದೆ.

"ಇಬ್ಬರನ್ನೂ ಕೇಳ್ತೀಯಲ್ಲ, ಫಿದೆಲಿಯಾ! ಒಬ್ಬ ಹ್ಞೂಂ ಅಂದು ಇನ್ನೊಬ್ಬ ಬೇಡ ಅಂದ್ರೆ?"

"ಆಗ ನಿನ್ನನ್ನ ಒಳಗೇ ಬಿಟ್ಟು ನಾನು ಬರ್ತೀನಿ."

ನಮ್ಮ ಯುಕತಾನ್ ಸೀಮೆಯಲ್ಲಿ ನೆಲದ ಮೇಲೆ ನದಿಗಳಿಲ್ಲ. ಊರು ಕುಡಿಯುವುದು ಗುಹೆಯ ನೀರನ್ನೇ. ಭಾನುವಾರದ ಪೂಜೆ ಮುಗಿದ ಮೇಲೆ ನಾವು ಕೆಲವರು ಮುಳುಗಿ ಅಲ್ಲಿನ ಕಸ ತೆಗೆಯುತ್ತಿದ್ದೆವು. ಕೂಲಿಯಿಲ್ಲದ ಕೆಲಸ. ಕತ್ತಲಲ್ಲಿ ದಾರಿಗೆಂದು ಹಗ್ಗ ಕಟ್ಟಿರುತ್ತದೆ. ಹಗ್ಗ ಕವಲೊಡೆಯುವಲ್ಲಿ ಪ್ರತಿಯೊಬ್ಬರೂ ತಮ್ಮ ಗುರುತಿನ ಬಿಲ್ಲೆ ಸಿಕ್ಕಿಸಿ ಒಳಗೆ ಹೋಗಬೇಕು, ಬರುವಾಗ ತೆಗೆದುಕೊಳ್ಳಬೇಕು. ಬಿಲ್ಲೆ ಇದ್ದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದರ್ಥ. ಪರರ ಬಿಲ್ಲೆಯನ್ನು ಯಾರೂ ಮುಟ್ಟುವಂತಿಲ್ಲ.

ಒಂದು ಭಾನುವಾರ ನಾವಿಬ್ಬರೇ ಇಳಿದಿದ್ದೆವು, ನಾನು ಎಡಗವಲಿಗೆ, ಅವನು ಬಲಗವಲಿಗೆ. ಎಡಗವಲಿನಿಂದ ನಾನು ಮರಳಿದಾಗ ನನ್ನ ಬಿಲ್ಲೆಯ ಪಕ್ಕದಲ್ಲಿ ಅವನದೂ ಇತ್ತು. ಅದರ ಮೇಲೆ ಅವನು ಬರೆದ ಸೊಟ್ಟ ಆಮೆ. ನನ್ನ ಸಿಲಿಂಡರಿನ ಗಾಳಿ ತಗ್ಗಿತ್ತು, ಹೊರಡಬೇಕಿತ್ತು. ಹೊರಡಲಿಲ್ಲ. ಹಗ್ಗ ಹಿಡಿದು, ಬಲಗವಲಿನ ಕತ್ತಲನ್ನೇ ನೋಡುತ್ತ, ನನಗೆ ಬರುವ ಪ್ರಾರ್ಥನೆಗಳನ್ನೆಲ್ಲ ಹೇಳಿಕೊಂಡೆ.

ಬೆಳಕು ಬಂದದ್ದು ಹಿಂದಿನಿಂದ, ಗುಹೆಯ ಬಾಯಿಯ ಕಡೆಯಿಂದ. ನಸಾರಿಯೋ! ನನ್ನ ಗಾಳಿ ಅಳೆಯುವ ಮುಳ್ಳು ನೋಡಿ, ತನ್ನ ಇನ್ನೊಂದು ನಳಿಕೆಯನ್ನು ನನ್ನ ಬಾಯಿಗಿಟ್ಟ. ತನ್ನ ಬಿಲ್ಲೆ ಕಿತ್ತುಕೊಂಡ. ನನ್ನದನ್ನು ಮುಟ್ಟಲಿಲ್ಲ, ನಾನೇ ತೆಗೆಯುವವರೆಗೆ ಕಾದ.

ಹೊರಗೆ ಕಲ್ಲಿನ ಮೇಲೆ ಕುಳಿತು ಅವನು ಮುಖವಾಡ ಕಳಚಿದ.

"ಎರಡೂ ಕೈಲಿ ಹಳೇ ಟೈರ್ ಹಿಡ್ಕೊಂಡು ಆಗಲೇ ಹೊರಗೆ ಬಂದಿದ್ದೆ. ಬಿಲ್ಲೆ ಮರೆತೇ ಹೋಯ್ತು. ನೀನ್ಯಾಕೆ ಹೊರಡ್ಲಿಲ್ಲ, ಹುಚ್ಚಿ?"

"ನಿನ್ನ ಆಮೆ ಅಲ್ಲೇ ಇತ್ತಲ್ಲ. ಬಿಟ್ಟು ಹೇಗೆ ಬರ್ಲಿ?"

"ಒಳಗೇ ಬಿಟ್ಟು ಬರ್ತೀನಿ ಅಂದಿದ್ದೆಯಲ್ಲ?"

"ಅಂದಿದ್ದೆ. ಆಗ್ಲಿಲ್ಲ."

ಅವನು ನನ್ನ ಒದ್ದೆ ಕೂದಲನ್ನು ನೋಡಿದ, ಆಮೇಲೆ ನೀರನ್ನು ನೋಡಿದ.

"ಹಾಗಾದ್ರೆ ನಿಮ್ಮಮ್ಮನ ಅಪ್ಪಣೆ ಕೇಳ್ಲಾ?"

"ಇಬ್ಬರನ್ನೂ ಕೇಳು. ಅಪ್ಪನೂ ಇದ್ದಾನೆ."

ನಮ್ಮ ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೆ, ಕಳೆದ ಮಳೆಗಾಲದಲ್ಲಿ, ತೂಗುಹಾಸಿಗೆಯಲ್ಲಿ ಮಲಗಿದ್ದ ಹಾಗೆಯೇ ದೇವರು ನಸಾರಿಯೋನನ್ನು ಕರೆದುಕೊಂಡ. ಆಮೆಯ ಬಿಲ್ಲೆಯನ್ನು ಅವನ ಅಂಗಿಯ ಜೇಬಿನಲ್ಲಿಟ್ಟು ಮಣ್ಣು ಮಾಡಿದೆವು. ಈ ಸಲ ಅವನು ಮರೆತಿಲ್ಲ, ತನ್ನದನ್ನು ತೆಗೆದುಕೊಂಡೇ ಹೊರಟ. ಹಗ್ಗದ ಮೇಲೆ ಈಗ ಇರುವುದು ನನ್ನದೊಂದೇ, ನಾನಿನ್ನೂ ಒಳಗಿದ್ದೇನೆ. ಗುಹೆಯ ಬಾಯಲ್ಲಿ ಕಾಲು ಇಳಿಬಿಟ್ಟುಕೊಂಡು ಅವನು ಕಾಯುತ್ತಿರುತ್ತಾನೆ. ನನ್ನ ಬಿಲ್ಲೆಯನ್ನು ಮುಟ್ಟುವುದಿಲ್ಲ. ನಾನೇ ತೆಗೆದುಕೊಂಡು ಬರುವವರೆಗೆ.