ಸಿಗ್ರಿಡ್ ನಿಲ್ಲಿಸಿದ ಸರೋವರ

ಎಮೆಟ್ ಎದ್ದೇ ಬಿಟ್ಟ.

ಅಮೆರಿಕದ ಡುಲೂತ್ ಊರಿನ ಒಂದು ಪತ್ರಿಕಾ ಕಚೇರಿಯಲ್ಲಿ, ಗೋಡೆಯ ದೊಡ್ಡ ಪರದೆಯ ಮೇಲೆ ಸಿಗ್ರಿಡ್ ತನ್ನ ಕೆಲಸ ತೋರಿಸುತ್ತಿದ್ದಳು. ವರದಿ ಬರೆದವನು ಅವನು, ಚಿತ್ರಗಳಿಗೆ ಜೀವ ಕೊಟ್ಟವಳು ಇವಳು. ಓದುಗ ಬೆರಳಿನಿಂದ ಪುಟ ಸರಿಸಿದಂತೆಲ್ಲ ಸುಪೀರಿಯರ್ ಸರೋವರ ಹೆಪ್ಪುಗಟ್ಟುತ್ತದೆ, ದ್ವೀಪಕ್ಕೆ ಹೋಗುವ ಹಿಮದ ದಾರಿ ಮೂಡುತ್ತದೆ, ಟ್ರಕ್ಕುಗಳು ಓಡುತ್ತವೆ, ಕೊನೆಗೆ ದಾರಿಯೇ ಬಿರಿದು ನೀರಾಗುತ್ತದೆ. ಅಷ್ಟು ದೂರ ಬರುವ ಮೊದಲೇ ಎಮೆಟ್ ಕಣ್ಣು ಮುಚ್ಚಿಕೊಂಡು ಹೊರಟುಹೋದ.

ಅವರಿಬ್ಬರೂ ಮುಖಾಮುಖಿಯಾದದ್ದು ಅದೇ ಮೊದಲು. ಪ್ರೀತಿ ಶುರುವಾಗಲು ಇದಕ್ಕಿಂತ ಕೆಟ್ಟ ಮುಹೂರ್ತ ಬೇಕೆ?

ಪಾಪ, ಸಿಗ್ರಿಡ್‌ಗೆ ಪ್ರೀತಿ ಆಗಲೇ ಶುರುವಾಗಿತ್ತು. ಆ ವರದಿಯನ್ನು ಎಮೆಟ್ ತನ್ನ ದನಿಯಲ್ಲೇ ಓದಿ ಕಳಿಸಿದ್ದ. ಚಳಿಗಾಲವಿಡೀ ಅವಳ ಕಿವಿಯಲ್ಲಿ ಅದೇ ದನಿ. ಅವನು ಉಸಿರೆಳೆದಲ್ಲಿ ಹಿಮ ಬೀಳಿಸಿದಳು, ಅವನು ತಡವರಿಸಿದಲ್ಲಿ ಮೋಡ ತಂದಳು... ಕಿಟಕಿಯಾಚೆ ಸಂಜೆಯ ಬೆಳಕು ನೀಲಿಯಾದದ್ದೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಮರುದಿನ ಸಂಪಾದಕಿ ಲೊರೇನ್ ಕರೆದಳು.

"ಚಿತ್ರ ಎಲ್ಲಾ ತೆಗೀಬೇಕು ಅಂತಾನೆ ಎಮೆಟ್. ಬರೀ ಬರಹ ಹಾಕಿದ್ರೆ ಸಾಕಂತೆ."

"ಯಾಕಂತೆ?"

"ಕೇಳಿದ್ರೆ ಬಾಯೇ ಬಿಡಲ್ಲ. ಗುಮ್ಮನಗುಸಕ."

'ಇಂಥವನ ದನಿ ಕೇಳ್ಕೊಂಡು ಒಂದು ಚಳಿಗಾಲ ಬದುಕಿದೆನಲ್ಲ... ನಾನೆಂಥ ಪೆದ್ದಿ!'

"ಹಾಗಾದ್ರೆ ನನ್ನ ಹೆಸರೂ ತೆಗೀರಿ. ಇನ್ಮೇಲೆ ಅವನ ಬರಹ ನನಗೆ ಕೊಡಬೇಡಿ," ಎಂದಳು ಸಿಗ್ರಿಡ್.

ಹೇಳಿದ್ದೇನೋ ಹೇಳಿದಳು. ಆದರೆ ಆ ದನಿ ಇನ್ನು ತನ್ನ ಪಾಲಿಗಿಲ್ಲ ಎಂಬುದು ಆಮೇಲೆ ಹೊಳೆಯಿತು.

ಮಧ್ಯಾಹ್ನ ಕಾಲುವೆ ದಂಡೆಯ ಬೆಂಚಿನ ಮೇಲೆ ಎಮೆಟ್ ಹೊಗೆಯಲ್ಲಿ ಬೇಯಿಸಿದ ಮೀನು ತಿನ್ನುತ್ತ ಕುಳಿತಿದ್ದ. ಅವಳು ನೇರ ಎದುರಿಗೇ ಹೋಗಿ ನಿಂತಳು.

"ನನ್ನ ಕೆಲಸ ಹಿಡಿಸದಿದ್ರೆ ಮುಖಕ್ಕೇ ಹೇಳಬೇಕಿತ್ತು. ನಡುವೆ ಎದ್ದು ಹೋಗೋದು ಯಾವ ಮರ್ಯಾದೆ?"

"ಹಿಡಿಸಲಿಲ್ಲ ಅಂತ ಯಾರು ಹೇಳಿದ್ರು? ನಾನದನ್ನ ಪೂರ್ತಿ ನೋಡೇ ಇಲ್ಲ."

"ಇನ್ನೂ ಚೆನ್ನಾಯ್ತು."

"ನೋಡಕ್ಕಾಗಲ್ಲ, ಸಿಗ್ರಿಡ್. ಒಳಕಿವಿ ಕೆಟ್ಟಿದೆ. ಪರದೆ ಮೇಲೆ ಏನಾದ್ರೂ ಜಾರಿದ್ರೆ ನನಗೆ ನೆಲಾನೇ ಜಾರುತ್ತೆ, ವಾಂತಿ ಬರುತ್ತೆ. ಅವತ್ತು ಬಾಗಿಲು ಸಿಕ್ಕಿದ್ದೇ ಪುಣ್ಯ."

"ಲೊರೇನ್‌ಗೆ ಹೇಳಬಾರದಿತ್ತಾ?"

"ಹೇಳಿದ್ರೆ ಮತ್ತೆ ಸುದ್ದಿಗೆ ಅಂತ ದೋಣಿ ಹತ್ತಿಸ್ತಾಳಾ? ಸರೋವರ ಬಿಡು, ನಗರಸಭೆ ಸುದ್ದಿ ಬರಿ ಅಂತಾಳೆ."

ಅವನು ಫೋನು ಮುಂದೆ ಹಿಡಿದ. ಚಲನೆಯೆಲ್ಲ ನಿಲ್ಲುವಂತೆ ಅದನ್ನು ಹೊಂದಿಸಿಟ್ಟಿದ್ದ. ಅದರಲ್ಲಿ ಅವಳ ಕೆಲಸದ ತಲೆಬರಹವೊಂದೇ ಇತ್ತು, ಕೆಳಗೆಲ್ಲ ಬರೀ ಬಿಳುಪು.

ಸಿಗ್ರಿಡ್‌ಳ ಮುಖ ಕೆಂಪಾಯಿತು. ಪ್ರತಿ ಸಾಲು, ಪ್ರತಿ ಚಿತ್ರವೂ ಅಡಗಿದ್ದು ಚಲನೆಯೊಂದಿಗೇ ಮೂಡುವಂತೆ ಮಾಡಿದ್ದಳು. ಚಲನೆ ನಿಂತ ಫೋನಿನಲ್ಲಿ ಏನೂ ಮೂಡುವುದಿಲ್ಲ. ಹಾಗೊಮ್ಮೆ ಪರೀಕ್ಷಿಸಿ ನೋಡಲು ಅವಳಿಗೆ ಹೊಳೆದೇ ಇರಲಿಲ್ಲ.

'ಅವನು ನನ್ನನ್ನ ತಳ್ಳಲಿಲ್ಲ... ನಾನೇ ಅವನನ್ನ ಹೊರಗೆ ನಿಲ್ಲಿಸಿದೆ.'

"ತಪ್ಪು ನಂದು. ಸ್ವಲ್ಪ ದಿನ ಕೊಡಿ," ಎಂದಳು.

ಮತ್ತೆ ಅದೇ ದನಿ ಕಿವಿಗೆ ಬಂತು. ಈ ಸಲ ಚಿತ್ರಗಳನ್ನು ಓಡಿಸುವ ಕೆಲಸವಲ್ಲ, ನಿಲ್ಲಿಸುವ ಕೆಲಸ. ಉಳಿದ ಓದುಗರಿಗೆ ಸರೋವರ ಚಲಿಸುತ್ತಲೇ ಇರಲಿ. ಅವನಂಥವರಿಗೆ ಒಂದೊಂದು ಗಳಿಗೆಯೂ ನಿಂತ ಚಿತ್ರವಾಗಿ ಕಾಯಬೇಕು. ಯಾವ ಗಳಿಗೆ? ಕಣ್ಣು ಮುಚ್ಚಿ ಕೇಳುತ್ತ, ಹಿಮದ ಮೇಲೆ ಅವನ ಪಕ್ಕದಲ್ಲೇ ನಡೆಯುತ್ತಿರುವಂತೆ ಅವಳು ಆರಿಸುತ್ತ ಹೋದಳು...

ಕೆಲಸ ಮುಗಿದ ದಿನ ಎಮೆಟ್ ಅದೇ ಬೆಂಚಿನಲ್ಲಿ ಕುಳಿತು ಓದಿದ. ಮೇಲಿಂದ ಕೆಳತನಕ, ಒಮ್ಮೆಯೂ ಕಣ್ಣು ಮುಚ್ಚದೆ. ಸಿಗ್ರಿಡ್ ಪಕ್ಕದಲ್ಲೇ ಕುಳಿತಿದ್ದಳು. ಕೊನೆಯ ಚಿತ್ರದಲ್ಲಿ ಅವನ ಬೆರಳು ನಿಂತಿತು.

"ದ್ವೀಪದಲ್ಲಿ ಒಂದು ದೀಪ ಇದೆ. ನಾನು ಬರೆದಿರಲಿಲ್ಲ."

"ಅಲ್ಲಿ ನಿಮ್ಮ ದನಿ ಸಣ್ಣಗಾಯ್ತು. ಯಾರೋ ನಿಮಗೆ ಕಾಯ್ತಿದಾರೆ ಅನ್ನಿಸ್ತು."

"ಯಾರೂ ಇರಲಿಲ್ಲ. ಇದ್ದಿದ್ರೆ ಚೆನ್ನಾಗಿತ್ತು ಅನ್ಕೊಂಡಿದ್ದೆ, ಅಷ್ಟೆ."

ಸಿಗ್ರಿಡ್ ಇನ್ನು ತಡೆಯಲಿಲ್ಲ.

"ನಾನಿದೀನಿ, ಎಮೆಟ್. ಚಳಿಗಾಲವೆಲ್ಲಾ ನಿಮ್ಮ ದನಿ ಕೇಳಿ ಕೇಳಿ... ಇಷ್ಟಪಟ್ಟುಬಿಟ್ಟೆ."

ಅವನು ಫೋನು ಪಕ್ಕಕ್ಕಿಟ್ಟು ಅವಳತ್ತ ತಿರುಗಿದ. ಕಣ್ಣು ತುಂಬಿತ್ತು.

"ನಾಳೆ ಲೊರೇನ್‌ಗೂ ಎಲ್ಲಾ ಹೇಳ್ಬಿಡ್ತೀನಿ. ಆದ್ರೆ ನನ್ನ ಜೊತೆ ನಡೆಯೋದು ಕಷ್ಟ, ಸಿಗ್ರಿಡ್. ಎಲ್ಲಾ ನಿಧಾನ ಆಗುತ್ತೆ."

ಅವಳು ಕೈ ಚಾಚಿದಳು.

"ಆಗ್ಲಿ ಬಿಡಿ. ನನಗೇನು ಅವಸರ?"