ಹಳದಿ ಚೀಲದೊಳಗಿನ ಬೆಳ್ಳಿ ಹಲ್ಲು

“ಟಿಕೋಟಾದಾಗ ಅರ್ಧಾ ತಾಸು ನಿಲ್ತೀರಂತ... ಇಲ್ಲಿ ಬಂದ್ರ ಗಾಡಿ ಸುದ್ದಾ ಬಂದ್ ಮಾಡಂಗಿಲ್ಲ!”

ಸುರೈಯಾ ಅಂದದ್ದು ಇಷ್ಟೇ. ಆ ದನಿಗೆ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ರೋಗಿ ಬಾಯಿ ಮುಚ್ಚಿಕೊಂಡ.

ಯುನುಸ ನಕ್ಕ. ವಿಜಯಪುರ, ಟಿಕೋಟಾ, ಬಬಲೇಶ್ವರದ ದವಾಖಾನೆಗಳ ಅಪಾಯಕಾರಿ ಕಸ ಒಯ್ಯುವ ಗಾಡಿ ಅವನದು. ಅವಳು ವಿಜಯಪುರದ ಹಲ್ಲಿನ ದವಾಖಾನೆಯ ಸಹಾಯಕಿ.

“ಅಲ್ಲಿ ರುಕ್ಸಾರ ಅಂತ ಹೊಸಬ್ರು ಬಂದಾರ್ರಿ. ರಗತದ ಹತ್ತಿ ಕೆಂಪು ಚೀಲಕ್ಕ, ಕೈಗವಸು ಹಳದಿಗೆ ಹಾಕ್ತಾರ. ಬೆರಕಿ ಚೀಲ ನಾ ಒಯ್ಯಂಗಿಲ್ಲ. ನಿಂತು ಹೇಳಿಕೊಡಬೇಕು.”

“ಚಾನೂ ಕೊಡ್ತಾರೇನು?”

“ಕೊಡ್ತಾರ್ರಿ. ಏಲಕ್ಕಿ ಹಾಕಿ.”

ಏಲಕ್ಕಿ! ಸುರೈಯಾಳ ಎದೆಯಲ್ಲಿ ಡ್ರಿಲ್ಲು ತಿರುಗಿತು.

ಅವಳ ಕಸ ಎಂದೂ ಬೆರಕೆಯಾಗಿರಲಿಲ್ಲ. ಸೂಜಿ ಬಿಳಿ ಡಬ್ಬಿಗೆ, ಕೈಗವಸು ಕೆಂಪು ಚೀಲಕ್ಕೆ, ಸುಡುವುದೆಲ್ಲ ಹಳದಿಗೆ. ಬೆಳ್ಳಿ ತುಂಬಿದ ಹಲ್ಲು ಮಾತ್ರ ಬಿಗಿ ಮುಚ್ಚಳದ ಬೇರೆ ಬಾಟಲಿಗೆ. ಆ ಬೆಳ್ಳಿಯಲ್ಲಿ ಪಾದರಸವಿರುತ್ತದೆ, ಸುಟ್ಟರೆ ವಿಷದ ಹೊಗೆ. ಇಷ್ಟೆಲ್ಲ ಶಿಸ್ತಿಗೆ ಸಿಕ್ಕ ಬಹುಮಾನ, ಒಂದು ‘ಬರ್ತೇನ್ರಿ’!

‘ಹೆಡ್ಡಿಗೆ ಅರ್ಧಾ ತಾಸು... ಆಗಲಿ, ನಾನೂ ಹೆಡ್ಡಿ ಆಗ್ತೇನಿ!’

ಮುಂದಿನ ಸಲ ಅವನು ಬರುವ ಮೊದಲು ಬೆಳ್ಳಿ ತುಂಬಿದ ಹಲ್ಲೊಂದನ್ನು ಹಳದಿ ಚೀಲದಲ್ಲೇ, ಹೊರಗಿನಿಂದ ಕಾಣುವಂತೆ ಇಟ್ಟಳು. ಅವನು ನೋಡುತ್ತಾನೆ, ಬೈಯುತ್ತಾನೆ, ನಾನು ತಲೆ ತಗ್ಗಿಸುತ್ತೇನೆ... ಎಲ್ಲ ಲೆಕ್ಕ ಹಾಕಿದ್ದಳು.

ಯುನುಸ ಬಂದ. ಚೀಲ ಎತ್ತಿದ. ನೋಡಲೇ ಇಲ್ಲ!

“ಬರ್ತೇನ್ರಿ.”

ಸಿಟ್ಟು ಬಂತು. ಬೆನ್ನಿಗೇ ಅಂಜಿಕೆ ಬಂತು. ಆ ಚೀಲ ಸುಡುವ ಭಟ್ಟಿಯ ಮುಂದೆ ನಿಲ್ಲುವವರು ಯುನುಸನ ಅಬ್ಬಾ, ಅಮೀನಸಾಬರು. ಮೊದಲೇ ಉಬ್ಬಸದ ಜೀವ!

ಫೋನ್ ಮಾಡಿದಳು. ಗಾಡಿ ಓಡಿಸುವಾಗ ಎತ್ತುವವನಲ್ಲ. ಡಾಕ್ಟರರಿಗೆ ಹೇಳಿ, ಬಿಗಿ ಮುಚ್ಚಳದ ಬಾಟಲಿ ತೆಗೆದುಕೊಂಡು, ಸ್ಕೂಟಿ ಹತ್ತಿ ಟಿಕೋಟಾಕ್ಕೆ ಓಡಿದಳು.

ದವಾಖಾನೆಯ ಬಾಗಿಲಲ್ಲಿ ಗಾಡಿ ನಿಂತಿತ್ತು. ಒಳಗೆ ಯುನುಸನ ಕೈಯಲ್ಲಿ ಕಪ್ಪು. ಎದುರಿಗೆ ನಗುತ್ತಿರುವ ರುಕ್ಸಾರ... ಚೆಂದವೂ ಇದ್ದಳು, ಹಾಳಾದವಳು!

ತಿರುಗಿ ಹೋಗಬೇಕೆನಿಸಿತು. ಅಬ್ಬಾನ ಉಸಿರು ನೆನಪಾಯಿತು.

“ನನ್ನ ಹಳದಿ ಚೀಲ ತಗೀರಿ! ಅದರಾಗ ಬೆಳ್ಳಿ ತುಂಬಿದ ಹಲ್ಲು ಐತಿ.”

“ನಿಮ್ಮ ಚೀಲದಾಗ? ಮರತು ಬಿತ್ತೇನ್ರಿ?”

ಹೌದು ಎಂದಿದ್ದರೆ ಮಾನ ಉಳಿಯುತ್ತಿತ್ತು.

“ಮರತಿಲ್ಲ... ಬೇಕಂತ ಹಾಕೇನಿ. ನೀವು ನೋಡ್ತೀರಿ, ಬೈತೀರಿ, ನನ್ನ ಹತ್ರಾನೂ ನಿಲ್ತೀರಿ ಅಂತ!”

ಯುನುಸನ ಮುಖ ಬಿಳಿಚಿತು. “ಅಲ್ಲಿ ಅಬ್ಬಾ ನಿಂತಿರ್ತಾರ, ಸುರೈಯಾ...”

“ಗೊತ್ತೈತಿ. ಅದಕ್ಕ ಓಡಿ ಬಂದೇನಿ.”

ರುಕ್ಸಾರ ಹಣೆ ಚಚ್ಚಿಕೊಂಡಳು. “ಯವ್ವಾ! ಸುರೈಯಾ ಅಂದ್ರ ನೀವೇನು? ಈ ಮನಷ್ಯಾ ಇಲ್ಲಿ ನಿಂತು ನಿಮ್ಮ ಪುರಾಣಾನ ಹೇಳ್ತಾನ್ರಿ. ಸುರೈಯಾರ ಚೀಲ ಹಂಗ, ಸುರೈಯಾರ ಗಂಟು ಹಿಂಗ... ಕೇಳಿ ಕೇಳಿ ನನ್ನ ಹಲ್ಲ ನೋಯಾಕತ್ತಾವು!”

ಯುನುಸ ಹೊರಗೆ ಬಂದು, ದಪ್ಪ ಕೈಗವಸು ತೊಟ್ಟು, ಚೀಲ ಬಿಚ್ಚಿ, ಇಕ್ಕಳದಿಂದ ಹಲ್ಲು ತೆಗೆದ. ಅವಳು ಬಾಟಲಿ ಹಿಡಿದಳು. ಮುಚ್ಚಳ ಬಿಗಿಯಾಯಿತು.

“ಎಲ್ಲಾರ ಚೀಲಾನೂ ಬೆಳಕಿಗೆ ಹಿಡದು ನೋಡ್ತೇನ್ರಿ. ನಿಮ್ಮದೊಂದ ನೋಡಂಗಿಲ್ಲ.”

“ಯಾಕ?”

“ನೋಡಿದ್ರ ನಿಮ್ಮ ಮ್ಯಾಲ ಸಂಶೇ ಪಟ್ಟಂಗ. ನನ್ನ ಕೈಲಿ ಆಗಂಗಿಲ್ಲ.”

ಸುರೈಯಾಳ ಕಣ್ಣು ತುಂಬಿದವು. “ಮತ್ತ ಹಂಗ ಯಾಕ ಓಡಿ ಹೋಗ್ತಿದ್ರಿ?”

“ನಿಂತ್ರ ಮನಸಿನ್ಯಾಗಿಂದು ಬಾಯಿಗೆ ಬರ್ತೈತಂತ ಹೆದರಿಕಿ.”

“ಈಗ ನಿಂತೀರಲ್ಲ...”

“ನಿಮ್ಮ ಮನಿಗೆ ಹಿರ್ಯಾರ್ನ ಕಳಸ್ತೇನಿ. ಅವ್ರ ಕೇಳ್ತಾರ.”

“ಅವ್ರು ಆಮ್ಯಾಲ ಕೇಳ್ಲಿ. ಮದ್ಲ ನೀವ ಕೇಳ್ರಿ.”

ಅವನು ಕೈಗವಸು ಕಳಚಿದ.

“ನನ್ನ ಮಾಡ್ಕೋತೀರೇನ್ರಿ?”

“ಹೂಂ,” ಎಂದಳು ಸುರೈಯಾ. “ಮದ್ಲ ಕೈ ತೊಳಕೊಂಡು ಬರ್ರಿ... ಹಿಡಕೋಬೇಕು.”